ಒಂದು ನಿಮಿಷದ ನಿಲ್ದಾಣ

ಮಳವಳ್ಳಿಗೆ ರೈಲಿಲ್ಲ. ಈ ಮಾತನ್ನು ಆ ಊರಿನವರು ಕೋಪದಿಂದ ಹೇಳುವುದಿಲ್ಲ, ದುಃಖದಿಂದಲೂ ಹೇಳುವುದಿಲ್ಲ. ತಮ್ಮ ಊರಿಗೆ ಸಮುದ್ರವಿಲ್ಲವೆಂದು ಹೇಳುವಷ್ಟೇ ನಿರ್ಲಿಪ್ತತೆಯಿಂದ ಹೇಳುತ್ತಾರೆ. ರೈಲು ಬೇಕಾದವರು ಬಸ್ಸು ಹತ್ತಿ ಮದ್ದೂರಿಗೋ ಮಂಡ್ಯಕ್ಕೋ ಹೋಗಬೇಕು; ಅಲ್ಲಿ ಕೈಚೀಲವನ್ನು ಕಾಲಬಳಿ ಇಟ್ಟುಕೊಂಡು ಕಂಬಿಗಳ ಕಡೆಗೆ ಕತ್ತು ಚಾಚಿ ನಿಲ್ಲಬೇಕು. ತಲೆಮಾರುಗಳಿಂದ ನಡೆದು ಬಂದ ಪದ್ಧತಿಯಿದು.

ಆದರೆ ಸ್ವಲ್ಪ ಯೋಚಿಸಿದರೆ ಇದು ವಿಚಿತ್ರವೇ ಸರಿ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಷ್ಟು ಹಿಂದೆಯೇ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದರು. ಅಲ್ಲಿಂದ 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ಅದನ್ನು ಮುಟ್ಟಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿಕೊಂಡದ್ದೂ ಆ ಜಲಪಾತದ ಕೃಪೆಯಿಂದಲೇ. ಈಗ ಬೆಂಗಳೂರು–ಮೈಸೂರು ದಾರಿಯ ಗಾಡಿಗಳು ವಿದ್ಯುತ್ತಿನಿಂದ ಓಡುತ್ತವೆ. ನಾಡಿಗೆಲ್ಲ ಮುಂಚೆ ವಿದ್ಯುತ್ತನ್ನು ಕೊಟ್ಟ ತಾಲ್ಲೂಕಿನವರು ಮಾತ್ರ ಆ ಗಾಡಿಯನ್ನು ಕಾಣಲು ಪಕ್ಕದ ತಾಲ್ಲೂಕಿಗೆ ಹೋಗುತ್ತಾರೆ. ಹೆಜ್ಜಾಲದಲ್ಲಿ ಕವಲೊಡೆದು ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರವನ್ನು ಸೇರಬೇಕಾದ 142 ಕಿಲೋಮೀಟರಿನ ಹೊಸ ಮಾರ್ಗವೊಂದಕ್ಕೆ 1996–97ರಲ್ಲಿ ಮಂಜೂರಾತಿ ದೊರೆತದ್ದುಂಟು. ಆಗ ಹುಟ್ಟಿದ ಮಕ್ಕಳು ಈಗ ಮಕ್ಕಳ ತಂದೆತಾಯಿಗಳಾಗಿದ್ದಾರೆ. ಮಳವಳ್ಳಿಯ ನೆಲದ ಮೇಲೆ ಇನ್ನೂ ಒಂದು ಕಂಬಿ ಬಿದ್ದಿಲ್ಲ.

ಹೀಗಿರುವ ಊರಿನಿಂದ, ಸಂಕ್ರಾಂತಿ ಕಳೆದ ವಾರದಲ್ಲಿ, ಎಪ್ಪತ್ತೇಳು ವರ್ಷದ ತಾಯಿಯೊಬ್ಬರು ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಹೊರಟರು. ಹಬ್ಬಕ್ಕೆ ಹೋಗಿಬರುವ ಪ್ರಯಾಣವಲ್ಲ, ಇನ್ನು ಮುಂದೆ ಮಗನ ಮನೆಯಲ್ಲಿಯೇ ಇರುವುದೆಂದು ತೀರ್ಮಾನವಾಗಿತ್ತು. ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದ ಪತಿ ತೀರಿಕೊಂಡು ಏಳೆಂಟು ವರ್ಷಗಳಾಗಿದ್ದವು. ಅಷ್ಟು ಕಾಲ ಒಬ್ಬರೇ ಇದ್ದದ್ದು ಸಾಕೆಂದು ಮಕ್ಕಳು ಹೇಳಿದರು. ಹಿತ್ತಲ ಬಾಗಿಲ ಬಳಿ ಜಾರಿ ಬಿದ್ದ ಮೇಲೆ ತಾಯಿಯೂ ಎದುರು ಹೇಳಲಿಲ್ಲ. ಸಂಕ್ರಾಂತಿಯ ಸಂಜೆ ಬೀದಿಯ ದನಗಳು ಕಿಚ್ಚು ಹಾಯುವುದನ್ನು ಜಗುಲಿಯ ಮೇಲೆ ನಿಂತು ನೋಡಿದರು. ಮಂಗಳವಾರ ಮನೆ ಬಿಡಬಾರದೆಂದು ಒಂದು ದಿನ ತಡೆದರು. ಅನಂತರ ಹೊರಡುವ ಮಾತು ಬಂದಾಗ ಒಂದೇ ಒಂದು ಬೇಡಿಕೆಯನ್ನು ಮಗನ ಮುಂದಿಟ್ಟರು. ಪ್ಯಾಸೆಂಜರ್ ಗಾಡಿಯಲ್ಲಿ ಹೋಗಬೇಕು.

ಮಗನಿಗೆ ನಗು ಬಂದಿತು. ಕಾರು ಬಾಗಿಲಲ್ಲಿ ನಿಂತಿದೆ. ಕನಕಪುರದ ಮೇಲೆ ನೇರವಾಗಿ ಹೋದರೆ ಊಟದ ಹೊತ್ತಿಗೆ ಬೆಂಗಳೂರು. ಅದನ್ನು ಬಿಟ್ಟು ಪಶ್ಚಿಮಕ್ಕೆ ಮಂಡ್ಯದವರೆಗೆ ಹೋಗಿ, ಅಲ್ಲಿಂದ ಊರೂರಿಗೆ ನಿಲ್ಲುವ ಗಾಡಿಯನ್ನು ಹತ್ತಿ ಪೂರ್ವಕ್ಕೆ ಮರಳುವುದೆಂದರೇನು?

"ಅವ್ವಾ, ಇದು ಸುತ್ತಿ ಬಳಸಿ ಮೂಗು ಹಿಡಿದಂಗಾಯ್ತದೆ" ಎಂದ.

"ನಾನು ಈ ಊರಿಗೆ ಬಂದದ್ದು ಆ ದಾರೀಲಿ ಕಣಪ್ಪ. ಹೋಗೋದೂ ಆ ದಾರೀಲೇ ಹೋಯ್ತೀನಿ" ಎಂದರು ತಾಯಿ.

ಇಂತಹ ಮಾತಿಗೆ ಯಾವ ಮಗ ತಾನೇ ಏನು ಉತ್ತರ ಕೊಟ್ಟಾನು? ಪಾತ್ರೆ ಪಡಗ, ಹಾಸಿಗೆ, ಮೇಷ್ಟ್ರ ಪುಸ್ತಕಗಳ ಮೂಟೆ ಎಲ್ಲವೂ ಕಾರಿನಲ್ಲಿ ಕನಕಪುರದ ದಾರಿ ಹಿಡಿದವು. ಕಾಲೇಜಿನಲ್ಲಿ ಓದುವ ಮೊಮ್ಮಗಳು ಅಜ್ಜಿಯ ಜೊತೆಗಾತಿಯಾದಳು. ಮಂಡ್ಯದಲ್ಲಿ ಹಿರಿಯ ಮಗಳ ಮನೆಯಿದೆ. ರಾತ್ರಿ ಅಲ್ಲಿದ್ದು ಬೆಳಗ್ಗೆ ರೈಲು ಹತ್ತುವುದೆಂದಾಯಿತು.

ಪ್ಯಾಸೆಂಜರ್ ಗಾಡಿಯ ವಿಷಯದಲ್ಲಿ ಓದುಬರಹ ಬಲ್ಲ ಜನಕ್ಕೆ ಒಂದು ಬಗೆಯ ತಾತ್ಸಾರವಿದೆ. ಎಕ್ಸ್‌ಪ್ರೆಸ್ಸು ತಪ್ಪಿದವರು ಹತ್ತುವ ಗಾಡಿ ಅದು ಎಂಬ ಭಾವನೆ. ಆದರೆ ಈ ದಾರಿಯ ಹುಟ್ಟನ್ನು ನೆನೆದರೆ ಪ್ಯಾಸೆಂಜರೇ ಇದರ ಹಿರಿಯ ಮಗಳು. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಬರಗಾಲ ಸುಟ್ಟಿತು. ಸುಮಾರು ಹತ್ತು ಲಕ್ಷ ಜನ ಅನ್ನವಿಲ್ಲದೆಯೂ ರೋಗದಿಂದಲೂ ಸತ್ತರೆಂದು ಲೆಕ್ಕ. ಸಂಸ್ಥಾನದ ಜನಸಂಖ್ಯೆಯಲ್ಲಿ ಅದು ಐದರಲ್ಲೊಂದು ಪಾಲು. ಹಸಿದವರಿಗೆ ಕೂಲಿ ಕೊಡಬೇಕೆಂದು ತೆಗೆದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯೂ ಒಂದು. ಒಂದು ಹೊತ್ತಿನ ಗಂಜಿಗಾಗಿ ಮಣ್ಣು ಹೊತ್ತವರ ಏರಿಯ ಮೇಲೆ, 1881–82ರಲ್ಲಿ, ಒಂದು ಮೀಟರು ಅಗಲದ ಕಂಬಿಗಳ ಮೇಲೆ ಹೊಗೆಬಂಡಿ ಓಡಿತು. ಕಂಬಿಗಳು ಅಗಲವಾದದ್ದು 1990ರ ದಶಕದಲ್ಲಿ. ಜೋಡಿದಾರಿಯೂ ವಿದ್ಯುತ್ತೂ ಬಂದದ್ದು ತೀರ ಈಚೆಗೆ. ಶ್ರೀರಂಗಪಟ್ಟಣದಲ್ಲಿ ಜೋಡಿದಾರಿಗೆ ಟಿಪ್ಪುವಿನ ಮದ್ದಿನಮನೆಯೊಂದು ಅಡ್ಡವಾಗಿ, 2017ರ ಮಾರ್ಚಿಯಲ್ಲಿ ಸಾವಿರ ಟನ್ನಿನಷ್ಟು ಭಾರದ ಆ ಕಟ್ಟಡವನ್ನು ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ರೈಲು ಮನಸ್ಸು ಮಾಡಿದರೆ ಎಂತಹ ಅಡ್ಡಿಯನ್ನೂ ಸರಿಸಬಲ್ಲುದೆಂಬುದಕ್ಕೆ ಮಳವಳ್ಳಿಯವರು ಈ ದೃಷ್ಟಾಂತವನ್ನು ನೆನೆದು ಸಮಾಧಾನಪಟ್ಟುಕೊಳ್ಳಬಹುದು, ಅಥವಾ ಪಡದೆಯೂ ಇರಬಹುದು.

ಮಂಡ್ಯದ ನಿಲ್ದಾಣದಲ್ಲಿ ಬೆಳಗಿನ ಜನಜಂಗುಳಿ. ಬೆಂಗಳೂರಿನ ಕಚೇರಿಗಳಿಗೆ ದಿನವೂ ಹೋಗಿಬರುವ ಸೀಸನ್ ಟಿಕೆಟ್ಟಿನವರು ತಮ್ಮ ತಮ್ಮ ಜಾಗಗಳಲ್ಲಿ, ಯಾವ ಬಾಗಿಲು ಎಲ್ಲಿ ಬಂದು ನಿಲ್ಲುವುದೆಂದು ಬಲ್ಲವರಂತೆ ನಿಂತಿದ್ದರು. ಹೂವಿನ ಬುಟ್ಟಿಗಳು, ಸೊಪ್ಪಿನ ಮೂಟೆಗಳು, ಬೆನ್ನುಚೀಲದ ಹುಡುಗರು. ಗಾಡಿ ಬಂದಿತು. ಇಂದಿನ ಪ್ಯಾಸೆಂಜರಿಗೆ ಮೆಮು ಎಂದು ಹೆಸರು. ಮುಂದೆ ಬೇರೆಯಾಗಿ ಎಂಜಿನ್ನಿಲ್ಲ, ತಲೆಯ ಮೇಲಿನ ತಂತಿಯಿಂದ ಶಕ್ತಿ ಹೀರುವ ಮೋಟಾರುಗಳನ್ನು ಗಾಡಿಯ ಡಬ್ಬಿಗಳಲ್ಲೇ ಅಡಗಿಸಿದ್ದಾರೆ. ಹೊಗೆಯಿಲ್ಲ, ಕಿಡಿಯಿಲ್ಲ. ಮೊಮ್ಮಗಳು ಜನರ ನಡುವೆ ನುಸುಳಿ ಕಿಟಕಿಯ ಪಕ್ಕದ ಜಾಗವನ್ನು ಹಿಡಿದಳು. ಅಜ್ಜಿ ಒಂದು ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಉಳಿದ ಸಾಮಾನೆಲ್ಲವನ್ನೂ ಕಾರಿಗೆ ಕೊಟ್ಟ ಆಕೆ ಈ ಚೀಲವೊಂದನ್ನು ಮಾತ್ರ ಯಾರ ಕೈಗೂ ಕೊಟ್ಟಿರಲಿಲ್ಲ.

ಊರು ಕಳೆಯುತ್ತಿದ್ದಂತೆ ಕಬ್ಬು. ಸೂಲಂಗಿ ಬಿಟ್ಟ ಗದ್ದೆಗಳು ಬೆಳಗಿನ ಬಿಸಿಲಿನಲ್ಲಿ ಬೆಳ್ಳಗೆ ತಲೆದೂಗುತ್ತವೆ. ಕೊಯ್ದ ಬತ್ತದ ಗದ್ದೆಗಳಲ್ಲಿ ಕೂಳೆ. ಹುಲ್ಲಿನ ಮೆದೆಗಳ ಪಕ್ಕದಲ್ಲಿ ಕಟ್ಟಿದ ದನ. ಎಲ್ಲೋ ಆಲೆಮನೆಯಿಂದ ಎದ್ದ ಬೆಲ್ಲದ ವಾಸನೆ ಬೋಗಿಯೊಳಕ್ಕೆ ಬಂದು, ಮೊಬೈಲಿನಲ್ಲಿ ಮುಳುಗಿದವರೂ ಒಂದು ಗಳಿಗೆ ತಲೆಯೆತ್ತುತ್ತಾರೆ. ಈ ಹಸುರೆಲ್ಲ ಸೃಷ್ಟಿಯಾದಾಗಿನಿಂದ ಇದ್ದದ್ದೆಂದು ತಿಳಿಯಬಾರದು. ಕನ್ನಂಬಾಡಿಯ ಕಟ್ಟೆ ಏಳುವ ಮುನ್ನ ಇದು ರಾಗಿಯ ಹೊಲಗಳ ನಾಡು, ಮಳೆ ಬಂದರೆ ಬೆಳೆ. 1911ರಲ್ಲಿ ಆರಂಭವಾದ ಆ ಕಟ್ಟೆಯಿಂದ ನಾಲೆ ಹರಿದು ಬಂದ ಮೇಲೆ ಕಬ್ಬು ಬಂದಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಿತು, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ಒಂದು ನಾಲೆಯ ನೀರಿನಿಂದ ಊರೊಂದರ ಜಾತಕವೇ ಬದಲಾದದ್ದು ಹೀಗೆ.

ಹನಕೆರೆಯಲ್ಲಿ ಗಾಡಿ ನಿಂತಿತು. ನಿಂತದ್ದು ಹೊರಡಲಿಲ್ಲ. ಪ್ಯಾಸೆಂಜರಿನ ಹಣೆಬರಹವೇ ಅಂಥದು. ಹಿಂದಿನಿಂದ ಅವಸರದವರು ಬಂದರೆ ಅದು ಪಕ್ಕದ ಕಂಬಿಗೆ ಸರಿದು ದಾರಿ ಬಿಟ್ಟುಕೊಡಬೇಕು. ಒಂಟಿದಾರಿಯ ಕಾಲದಲ್ಲಾದರೋ ಎದುರಿನಿಂದ ಬರುವ ಗಾಡಿಗೂ ಕಾಯಬೇಕಾಗಿದ್ದಿತು. ಸ್ಟೇಷನ್ ಮಾಸ್ತರರ ಕಡೆಯವರು ಕೈಯೆತ್ತಿ ಹಿಡಿದ ಟೋಕನ್ನಿನ ಬಳೆಯನ್ನು ಡ್ರೈವರು ತೋಳಿಗೆ ಸಿಕ್ಕಿಸಿಕೊಂಡ ಮೇಲೆಯೇ ಮುಂದಿನ ಪಯಣ. ಐದು ನಿಮಿಷವಾಯಿತು. ಎಂಟು ನಿಮಿಷವಾಯಿತು. ಅಜ್ಜಿ ಮಡಿಲಿನ ಚೀಲದ ಬಾಯನ್ನು ಬಿಚ್ಚಿದರು, ಮತ್ತೆ ಕಟ್ಟಿದರು.

"ಎಷ್ಟು ಹೊತ್ತಾಯ್ತದೆ, ನೋಡು ಮಗಾ."

ಮೊಮ್ಮಗಳು ಮೊಬೈಲನ್ನು ನೋಡಿ, "ಹನ್ನೆರಡು ನಿಮಿಷ ಲೇಟು ಅಜ್ಜಿ. ನಮಗೇನು ಅರ್ಜೆಂಟು?" ಎಂದಳು.

"ನಮಗಲ್ಲ" ಎಂದರು ಅಜ್ಜಿ. "ಶೆಟ್ಟಿಹಳ್ಳೀಲಿ ನಿಮ್ಮ ಚಿಕ್ಕತಾತ ಬಂದು ನಿಂತಿರ್ತಾನೆ. ಚಳಿ."

ಆಗ ಮೊಮ್ಮಗಳಿಗೆ ಈ ಸುತ್ತುದಾರಿಯ ಗುಟ್ಟು ತಿಳಿಯಿತು.

ಮದ್ದೂರಿಗೂ ಚನ್ನಪಟ್ಟಣಕ್ಕೂ ನಡುವೆ ಶೆಟ್ಟಿಹಳ್ಳಿಯೆಂಬ ಸಣ್ಣ ನಿಲ್ದಾಣವಿದೆ. ಅವಸರದ ಗಾಡಿಗಳು ಅದನ್ನು ಧೂಳೆಬ್ಬಿಸಿ ದಾಟುತ್ತವೆ. ಪ್ಯಾಸೆಂಜರು ಒಂದು ನಿಮಿಷ ನಿಲ್ಲುತ್ತದೆ. ಆ ನಿಲ್ದಾಣಕ್ಕೆ ನಡಿಗೆಯ ದೂರದಲ್ಲಿ ಅಜ್ಜಿಯ ತವರು. 1966ರಲ್ಲಿ ಮದುವೆಯಾದ ಮೂರನೆಯ ದಿನ ಮದುಮಗಳು ರೈಲು ಹತ್ತಿದ್ದು ಅಲ್ಲಿಯೇ. ಮದ್ದೂರಿನಲ್ಲಿ ಇಳಿದಾಗ ಬೀಗರ ಬಿಳಿಯ ಪಂಚೆಗಳೆಲ್ಲ ಇದ್ದಿಲ ಪುಡಿಯಿಂದ ಚುಕ್ಕೆ ಚುಕ್ಕೆಯಾಗಿದ್ದವಂತೆ. ಮದುಮಗಳ ಕಣ್ಣಿನಲ್ಲಿಯೂ ಒಂದು ಚೂರು ಸೇರಿ, ಅತ್ತಳೆಂದು ಎಲ್ಲರೂ ತಿಳಿದರಂತೆ. ನಿಜವಾಗಿ ಅತ್ತವನು ಜೊತೆಯಲ್ಲಿ ಬಂದಿದ್ದ ಹದಿಮೂರು ವರ್ಷದ ತಮ್ಮ. ಮಳವಳ್ಳಿಯ ಬಸ್ಸಿಗೆ ಅಕ್ಕನನ್ನು ಹತ್ತಿಸಿ ತಾನು ಹಿಂದಿರುಗಬೇಕೆಂಬುದು ಅವನಿಗೆ ಮದ್ದೂರಿನವರೆಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ಆ ತಮ್ಮ ಪ್ರತಿ ಭಾದ್ರಪದದಲ್ಲಿ ಗೌರಿಯ ಬಾಗಿನವನ್ನು ಹೊತ್ತು ಬಂದ. ಬೆಳಗಿನ ಪ್ಯಾಸೆಂಜರಿನಲ್ಲಿ ಮದ್ದೂರು, ಅಲ್ಲಿಂದ ಬಸ್ಸು. ಊಟ ಮುಗಿಸಿ, ಸಂಜೆಯ ಪ್ಯಾಸೆಂಜರಿಗೆ ವಾಪಸು. ಹೊಲ ಮನೆ ದನ ಬಿಟ್ಟು ರಾತ್ರಿ ನಿಂತವನಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ ಬಾಗಿನ ನಿಂತಿತು. ತಮ್ಮ ಬರುವುದು ನಿಲ್ಲಲಿಲ್ಲ. ಹಬ್ಬದ ದಿನಕ್ಕೆ ಬದಲು ಅವರೆಕಾಯಿಯ ಕಾಲದಲ್ಲಿ ಒಂದು ಚೀಲ ಕಾಯಿಯೊಂದಿಗೆ ಬರತೊಡಗಿದ. ಶಾಸ್ತ್ರ ಮುಚ್ಚಿದ ಬಾಗಿಲನ್ನು ಅವರೆಕಾಯಿಯಿಂದ ತೆರೆಸಿಕೊಂಡ ಬುದ್ಧಿವಂತ ಅವನು.

2020ರ ಮಾರ್ಚಿಯಲ್ಲಿ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತುಬಿಟ್ಟವು. ಅಕ್ಕನ ಮದುವೆಯಾದಾಗಿನಿಂದ ತಮ್ಮ ಮಳವಳ್ಳಿಗೆ ಬಾರದ ಮೊದಲ ಚಳಿಗಾಲ ಅದು. ಮುಂದೆ ಗಾಡಿಗಳು ಒಂದೊಂದಾಗಿ ಮರಳಿದರೂ ಪ್ಯಾಸೆಂಜರಿಗೆ ವಿಶೇಷ ಗಾಡಿಯೆಂಬ ಹೊಸ ಬಿರುದು ಬಂದು, ಹತ್ತು ರೂಪಾಯಿಯಿದ್ದ ಕನಿಷ್ಠ ದರ ಮೂವತ್ತಾಯಿತು. ಶೆಟ್ಟಿಹಳ್ಳಿಯಿಂದ ಮದ್ದೂರಿಗೆ ಮೂವತ್ತು ರೂಪಾಯಿಯೆಂದರೆ ಸಣ್ಣ ರೈತನಿಗೆ, ಕೂಲಿಗೆ ಹೋಗುವವನಿಗೆ ಅದು ತಮಾಷೆಯ ಮಾತಲ್ಲ. ವೇಗ ಹೆಚ್ಚಲಿಲ್ಲ, ನಿಲ್ದಾಣ ಕಡಿಮೆಯಾಗಲಿಲ್ಲ. ಹೆಸರೊಂದು ಬದಲಾಗಿ ಬೆಲೆ ಮೂರರಷ್ಟಾಯಿತು. ಮಹಾನಗರಗಳಲ್ಲಿ ಕುಳಿತವರಿಗೆ ಇದು ದೊಡ್ಡ ಸುದ್ದಿಯೆಂದು ತೋರಿರಲಾರದು. 2024ರ ಫೆಬ್ರವರಿಯ ಕೊನೆಯಲ್ಲಿ ಹಳೆಯ ದರ ಮರಳಿ ಬಂದಿತು. ಆದರೆ ಅಷ್ಟರಲ್ಲಿ ತಮ್ಮನ ಮಂಡಿಗಳು ಕೈಕೊಟ್ಟಿದ್ದವು. ಬಸ್ಸಿನ ಮೆಟ್ಟಿಲು ಹತ್ತಲಾಗದು. ಎರಡು ವರ್ಷದಿಂದ ಅಕ್ಕತಮ್ಮಂದಿರಿಗೆ ಫೋನಿನ ಧ್ವನಿಯಷ್ಟೇ. ಇನ್ನು ಬೆಂಗಳೂರು ಸೇರಿದರೆ ಮುಂದೆಂದು ಭೇಟಿಯೋ!

ಕಾರಿನಲ್ಲಿ ಕರೆದುಕೊಂಡು ಹೋಗಿ ತವರನ್ನು ತೋರಿಸಿಬಾ ಎಂದು ಮಗನಿಗೆ ಒಂದು ಮಾತು ಹೇಳಿದ್ದರೆ ಸಾಲದಾಗಿತ್ತೆ ಎಂದು ಓದುಗರು ಕೇಳಬಹುದು. ಸಾಲುತ್ತಿತ್ತು. ಮಗ ಸಂತೋಷದಿಂದಲೇ ಕರೆದೊಯ್ಯುತ್ತಿದ್ದ. ಆದರೆ ಕಾರು ಬಾಗಿಲಿಗೆ ಬಂದರೆ ತಮ್ಮನ ಮನೆಯಲ್ಲಿ ಕೋಳಿ ಕುಯ್ಯಬೇಕು, ಸೊಸೆಯಂದಿರು ಸೀರೆ ಬದಲಾಯಿಸಬೇಕು, ನೆರೆಯವರು ಬಂದು ಕೂರಬೇಕು. ಮಗ ಗಡಿಯಾರ ನೋಡಬೇಕು. ಅಕ್ಕತಮ್ಮಂದಿರು ಮಾತಾಡುವುದು ಯಾವಾಗ? ಹಳೆಯ ಕಾಲದ ಹೆಂಗಸರು ಇಂತಹ ಲೆಕ್ಕಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಾಡಿ ಮುಗಿಸಿರುತ್ತಾರೆ.

ಕೊನೆಗೆ ಅವಸರದ ಗಾಡಿ ಬಂದಿತು. ಕಿಟಕಿಗಳೆಲ್ಲ ಒಂದೇ ಬಿಳಿಯ ಪಟ್ಟಿಯಾಗಿ ಹಾದುಹೋಯಿತು. ಅದರೊಳಗಿನವರಿಗೆ ಹನಕೆರೆ ಕಂಡಿರಲಾರದು.

ದೂರದ ಕೆನಡಾ ದೇಶದಲ್ಲಿ ವಿನ್ನಿಪೆಗ್ ಎಂಬ ನಗರದಿಂದ ಉತ್ತರಕ್ಕೆ, ಹಡ್ಸನ್ ಕೊಲ್ಲಿಯ ತೀರದ ಚರ್ಚಿಲ್ ಎಂಬ ಊರಿಗೆ ಒಂದು ಪ್ರಯಾಣಿಕರ ಗಾಡಿ ಹೋಗುತ್ತದೆ. ಸುಮಾರು 1,700 ಕಿಲೋಮೀಟರು, ಎರಡು ರಾತ್ರಿಗಳ ಪ್ರಯಾಣ. ಕಿಟಕಿಯಾಚೆ ಕಾಡು, ಕೆರೆ, ಹಿಮ. ಕೊಲ್ಲಿಯ ತೀರದ ಬಿಳಿಯ ಕರಡಿಗಳನ್ನು ನೋಡಲು ಜಗತ್ತಿನ ಶ್ರೀಮಂತರು ಆ ಗಾಡಿಯನ್ನು ಹತ್ತುತ್ತಾರೆ. ಆದರೆ ಚರ್ಚಿಲ್ಲಿನ ಜನಕ್ಕೆ ಅದು ನೋಟವಲ್ಲ, ಬದುಕು. ಆ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. 1929ರಲ್ಲಿ ಮುಟ್ಟಿದ ಆ ದಾರಿ 2017ರ ಪ್ರವಾಹದಲ್ಲಿ ಕೊಚ್ಚಿಹೋದಾಗ ಒಂದೂವರೆ ವರ್ಷ ಗಾಡಿಯಿಲ್ಲದೆ ದಿನಸಿಯ ಬೆಲೆ ಏರಿ, ಕುಟುಂಬಗಳು ಊರು ಬಿಟ್ಟವು. ಮಂಡ್ಯದ ಸೀಮೆಯ ಕಷ್ಟ ಅದಕ್ಕೆ ವಿರುದ್ಧವಾದದ್ದು. ಇಲ್ಲಿ ರಸ್ತೆ ಅತಿಯಾಗಿದೆ. 2023ರ ಮಾರ್ಚಿಯಲ್ಲಿ ಆರಂಭವಾದ ಹೆದ್ದಾರಿ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನು ಪಕ್ಕಕ್ಕೆ ಸರಿಸಿ ಬೇಲಿಯ ನಡುವೆ ಓಡುತ್ತದೆ. ಹಳೆಯ ರಸ್ತೆಯ ಬದಿಯಲ್ಲಿ ಎಳನೀರು, ಬೊಂಬೆ, ವಡೆ ಮಾರಿ ಬದುಕಿದವರು ಬರಿದಾದ ರಸ್ತೆಯನ್ನು ನೋಡುತ್ತ ಕುಳಿತರು. ಊರೊಳಕ್ಕೆ ಬಂದು ನಿಂತು ಹೋಗುವ ಸೌಜನ್ಯ ಉಳಿದಿರುವುದು ಪ್ಯಾಸೆಂಜರಿಗೆ.

ಮದ್ದೂರಿನ ಬಳಿ ಶಿಂಷಾ ನದಿಯ ಮೇಲೆ ಗಾಡಿ ಗಡಗಡಿಸಿತು. ಈ ಹೊಳೆ ಇಲ್ಲಿಂದ ತಿರುಗಿ ಮಳವಳ್ಳಿಯ ತಾಲ್ಲೂಕಿಗೇ ಹೋಗಿ ಕಾವೇರಿಯನ್ನು ಸೇರುತ್ತದೆ. ರೈಲಿಗೆ ತಿಳಿಯದ ದಾರಿ ನೀರಿಗೆ ತಿಳಿದಿದೆ. ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ನಿಷೇಧವನ್ನು ಮೀರಿ ಜನ ಬಾವುಟ ಹಾರಿಸಿದ್ದರು. ಅಂದು ನಾಡಿನ ನಾನಾ ಕಡೆಗಳಿಂದ ಬಂದವರಲ್ಲಿ ಎಷ್ಟು ಮಂದಿ ಇದೇ ನಿಲ್ದಾಣದಲ್ಲಿ ಇಳಿದಿದ್ದರೋ!

"ವಡೆ, ವಡೇ" ಎಂದು ಕೂಗು ಕೇಳಿಸಿತು. ಮದ್ದೂರು ವಡೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1917ರಲ್ಲಿ ನಿಲ್ದಾಣದ ಬಳಿ ಉಪಾಹಾರದ ಅಂಗಡಿ ಇಟ್ಟಿದ್ದ ರಾಮಚಂದ್ರ ಬುಧ್ಯರು ಪಕೋಡ ಕರಿಯುವಷ್ಟರಲ್ಲಿ ಗಾಡಿ ಬಂದುಬಿಟ್ಟಿತೆಂದೂ, ಅವಸರದಲ್ಲಿ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರೆಂದೂ ಹೇಳುತ್ತಾರೆ. ಕಥೆಯಲ್ಲಿ ಎಷ್ಟು ಒಗ್ಗರಣೆಯಿದೆಯೋ ಇಲ್ಲವೋ, ಅಕ್ಕಿಹಿಟ್ಟು, ಮೈದಾ, ರವೆಗಳಿಗೆ ಈರುಳ್ಳಿ ಕರಿಬೇವು ಬೆರೆಸಿ ತೆಳ್ಳಗೆ ತಟ್ಟಿದ ಆ ವಡೆ ರೈಲಿನ ಅವಸರಕ್ಕೆಂದೇ ಹುಟ್ಟಿದ ಹಾಗಿದೆ: ಚಟ್ನಿ ಬೇಡ, ಎಲೆ ಬೇಡ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ತಿನ್ನಬಹುದು. ಅಜ್ಜಿ ನಾಲ್ಕು ಕೊಂಡರು. ಒಂದನ್ನೂ ತಿನ್ನದೆ ಕಾಗದದಲ್ಲಿ ಸುತ್ತಿ ಮಡಿಲಿನ ಚೀಲಕ್ಕೆ ಸೇರಿಸಿದರು. ಮದ್ದೂರು ಬಿಟ್ಟ ಗಳಿಗೆಯಿಂದ ಆಕೆ ಕುಳಿತಲ್ಲಿ ಕುಳಿತಿರಲಿಲ್ಲ. ಶೆಟ್ಟಿಹಳ್ಳಿ ಇನ್ನೂ ದೂರವಿರುವಾಗಲೇ ಎದ್ದು, ಮೊಮ್ಮಗಳ ಭುಜ ಹಿಡಿದು, ಬಾಗಿಲ ಬಳಿಗೆ ಬಂದು ನಿಂತರು. ಬಾಗಿಲಲ್ಲಿದ್ದ ಕಾಲೇಜಿನ ಹುಡುಗರು, "ಇಳೀತೀರಾ ಅಜ್ಜಿ?" ಎಂದು ಜಾಗ ಬಿಟ್ಟರು. "ಇಲ್ಲ ಕಣ್ರಪ್ಪ, ನಮ್ಮ ತಮ್ಮ ಬತ್ತಾನೆ" ಎಂದರು. ಅವರಲ್ಲೊಬ್ಬ ಆ ಕಡೆ ಕತ್ತು ಚಾಚಿ, "ಕಂಬಳಿ ಹೊದ್ದಿರೋರಾ? ಬೇವಿನ ಮರದ ಕೆಳಗವ್ರೆ" ಎಂದು ವರದಿ ಕೊಟ್ಟ.

ಬೇವಿನ ಮರಕ್ಕೂ ಬಾಗಿಲು ಬಂದು ನಿಂತ ಜಾಗಕ್ಕೂ ಮೂವತ್ತು ಹೆಜ್ಜೆಯಿದ್ದಿರಬಹುದು. ಎಪ್ಪತ್ತೆರಡು ವರ್ಷದ ತಮ್ಮ ಕೋಲೂರಿಕೊಂಡು, ಚೀಲವನ್ನು ಎಳೆದುಕೊಂಡು ಅಷ್ಟು ದೂರ ಬರಬೇಕು. ಗಾಡಿ ನಿಲ್ಲುವುದು ಒಂದು ನಿಮಿಷ. ಅದರ ಅರ್ಧ ಅಲ್ಲಿಯೇ ಸವೆಯಿತು. ಹುಡುಗನೊಬ್ಬ ಕೆಳಕ್ಕೆ ಹಾರಿ, ಓಡಿಹೋಗಿ ಚೀಲವನ್ನು ಹೊತ್ತುಕೊಂಡು ಬಂದ. ಹಿಂದೆಯೇ ತಮ್ಮ.

"ಮಂಡಿ ಹೆಂಗದೆಯೋ?"

"ಅದೆ, ಅದರ ಪಾಡಿಗೆ. ಸೊಗಡು ಬಂದದೆ ಕಣಕ್ಕ, ಇವತ್ತೇ ಸುಲಿಸ್ಬುಡು."

"ಎಷ್ಟೊತ್ತಿಂದ ನಿಂತಿದ್ದೀಯ?"

"ಈಗ ಬಂದೆ."

ಅದು ಸುಳ್ಳೆಂದು ಅವನ ನೀಲಿಗಟ್ಟಿದ ತುಟಿಗಳೇ ಹೇಳುತ್ತಿದ್ದವು. ಅಕ್ಕ ಬಗ್ಗಿ ಮಡಿಲಿನ ಚೀಲವನ್ನು ಅವನ ಕೈಗಿತ್ತರು. ಅದರಲ್ಲಿ ಮೇಷ್ಟ್ರು ಚಳಿಗಾಲದಲ್ಲಿ ಹೊದೆಯುತ್ತಿದ್ದ ಉಣ್ಣೆಯ ಶಾಲು ಇದ್ದಿತು, ಮೇಲೆ ನಾಲ್ಕು ಬಿಸಿ ವಡೆ. ಏನಿದು ಎಂದು ಅವನು ಕೇಳಲಿಲ್ಲ. ಚೀಲದ ಬಾಯಿಂದ ಶಾಲಿನ ಅಂಚು ಕಂಡು ಗುರುತು ಹಿಡಿದನೆಂದು ತೋರುತ್ತದೆ. "ಭಾವಂದು" ಎಂದಷ್ಟೇ ಹೇಳಿದ. ಗಾಡಿ ಕೂಗಿತು. ತಮ್ಮ ಒಂದು ಕೈಯಲ್ಲಿ ಬಾಗಿಲ ಬಳಿಯ ಕಂಬಿಯನ್ನು ಹಿಡಿದಿದ್ದ, ಅಕ್ಕ ಆ ಕೈಯ ಮೇಲೆ ತಮ್ಮ ಕೈಯನ್ನು ಇಟ್ಟಿದ್ದರು; "ಬಿಡಿ ಯಜಮಾನ್ರೆ" ಎಂದು ಹುಡುಗರು ಕೂಗಿದ ಮೇಲೆ ಬಿಟ್ಟ. ಮೊಮ್ಮಗಳು ಈ ಭೇಟಿಯನ್ನು ಮೊಬೈಲಿನಲ್ಲಿ ಹಿಡಿಯಬೇಕೆಂದುಕೊಂಡಿದ್ದಳು. ಆಮೇಲೆ ನೋಡಿದರೆ ಚಿತ್ರದಲ್ಲಿ ನಿಲ್ದಾಣದ ಹಳದಿಯ ಹಲಗೆ ಮತ್ತು ಅರ್ಧ ಕೋಲು ಬಂದಿದ್ದವು.

ಅಜ್ಜಿ ಜಾಗಕ್ಕೆ ಮರಳಿದರು. ಸ್ವಲ್ಪ ಹೊತ್ತು ಸೆರಗಿನಿಂದ ಮುಖವನ್ನು ಒರೆಸಿಕೊಂಡರು. ಗಾಡಿ ಚನ್ನಪಟ್ಟಣವನ್ನು ಬಿಟ್ಟಾಗ ಮೊಮ್ಮಗಳ ಊಟದ ಡಬ್ಬಿಯನ್ನು ಕೇಳಿ ಪಡೆದು, ಚೀಲದ ಬಾಯಿ ಬಿಚ್ಚಿ, ಅವರೆಕಾಯಿ ಸುಲಿಯತೊಡಗಿದರು.

ಸೊಗಡಿನ ಅವರೆಯ ವಾಸನೆ ಗುಟ್ಟಾಗಿರುವುದಿಲ್ಲ. ಎದುರಿನ ಜಾಗದಲ್ಲಿದ್ದ ಹೆಂಗಸೊಬ್ಬಳು ಮೂಗರಳಿಸಿ, "ಯಾವ ಕಡೆ ಕಾಯವ್ವ?" ಎಂದಳು. ಉತ್ತರ ಬರುವಷ್ಟರಲ್ಲಿ ಒಂದು ಹಿಡಿಯನ್ನು ತಾನೇ ಮಡಿಲಿಗೆ ಹಾಕಿಕೊಂಡು ಸುಲಿಯಹತ್ತಿದಳು. ಪಕ್ಕದಲ್ಲಿದ್ದ ಕಚೇರಿಯ ಮನುಷ್ಯನೊಬ್ಬ, ಇಸ್ತ್ರಿ ಮಾಡಿದ ಅಂಗಿಯವನು, ಮೊದಲು ನೋಡಿದ, ಆಮೇಲೆ ತನಗೂ ನಾಲ್ಕು ಕಾಯಿ ಬೇಕೆಂದ. ಊರು ಬಿಟ್ಟ ಮೇಲೆ ಕಾಯಿ ಸುಲಿದೇ ಇಲ್ಲವಂತೆ. ಮೊಮ್ಮಗಳಿಗೆ ಉಗುರು ಕಪ್ಪಾಗುವ ಭಯ. ಆದರೂ ಕುಳಿತಳು.

ಕಿಟಕಿಯಾಚೆ ರಾಮನಗರದ ಬಂಡೆಗಳು ಎದ್ದವು. ಈ ದಾರಿಯಲ್ಲಿ ಕಾಡುನೋಟವೆಂದು ಹೇಳಬಹುದಾದದ್ದು ಇದೊಂದೇ; ಆದರೆ ಇದು ಜಗತ್ತಿನ ಯಾವ ಕಾಡಿಗೂ ಸೋಲುವಂಥದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೆ ಕರಗಿ ಹೆಪ್ಪುಗಟ್ಟಿದ ಕಲ್ಲು, ಮಳೆ ಗಾಳಿಗಳು ಮೇಲಿನ ಮಣ್ಣನ್ನು ತೊಳೆದ ಮೇಲೆ ಹೊರಬಿದ್ದು, ಒಂದರ ಮೇಲೊಂದು ಬುಗುರಿಯಿಟ್ಟಂತೆ ನಿಂತಿದೆ. ಊರಿಗೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದ ಕಾಲದಲ್ಲಿ ಭೂವಿಜ್ಞಾನಿಗಳು ಈ ಕಲ್ಲಿಗೂ ಅದೇ ಹೆಸರಿಟ್ಟರು. ಊರು ರಾಮನಗರವಾದರೂ ಕಲ್ಲು ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಎಂಬ ಹಿಂದೀ ಚಿತ್ರದಲ್ಲಿ ಈ ಬಂಡೆಗಳನ್ನು ದೇಶವೆಲ್ಲ ನೋಡಿತು. ರಾಮದೇವರ ಬೆಟ್ಟದ ಸಂದಿಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ನೋವಿನ ಔಷಧವೊಂದು ಸತ್ತ ದನದ ಮಾಂಸದೊಡನೆ ಹೊಟ್ಟೆಗೆ ಸೇರಿ ಅವುಗಳ ಸಂತತಿ ದೇಶದಲ್ಲೆಲ್ಲ ಅಳಿಯುವಂತಾಗಿತ್ತು. 2006ರಲ್ಲಿ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿದರು, 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಸಾರಿದರು. ಅಂದು ಆಕಾಶದಲ್ಲಿ ಎರಡು ಮೂರು ದೊಡ್ಡ ಹಕ್ಕಿಗಳು ತೇಲುತ್ತಿದ್ದವು. ಹದ್ದೋ ರಣಹದ್ದೋ, ಕಚೇರಿಯ ಮನುಷ್ಯನೂ ಮೊಮ್ಮಗಳೂ ವಾದಿಸಿದರು. ಅಜ್ಜಿ ತಲೆಯೆತ್ತಿ ನೋಡಿ, "ಹೆಂಗಿದ್ರೂ ಅವು ಅವುಗಳ ಊರಲ್ಲೇ ಅವೆ" ಎಂದು ಮತ್ತೆ ಕಾಯಿಗೆ ಬಗ್ಗಿದರು.

ಕೇತೋಹಳ್ಳಿ, ಬಿಡದಿ. ಕಾರ್ಖಾನೆಗಳ ಗೋಡೆಗಳು ಕಾಣತೊಡಗಿದವು. ನಿಂತವರ ಸಂಖ್ಯೆ ಹೆಚ್ಚಿ, ಮೊಣಕಾಲುಗಳ ನಡುವೆ ಅವರೆಯ ಸಿಪ್ಪೆ ಗುಡ್ಡೆಯಾಗಿ, ಯಾರೋ ಗೊಣಗಿದರು. ಡಬ್ಬಿ ತುಂಬಿತು, ಮುಚ್ಚಳ ಬಿಗಿಯುವುದು ಕಷ್ಟವಾಯಿತು. ಉಳಿದ ಕಾಯನ್ನು ಅಜ್ಜಿ ಸುಲಿದವರಿಗೆಲ್ಲ ಬೊಗಸೆ ಬೊಗಸೆಯಾಗಿ ಹಂಚಿದರು. ಕಚೇರಿಯ ಮನುಷ್ಯ ಬೇಡ ಬೇಡವೆನ್ನುತ್ತಲೇ ಕರವಸ್ತ್ರವನ್ನು ಹರಡಿದ.

ಎದುರಿನ ಹೆಂಗಸು ಬಗ್ಗಿ ಸಿಪ್ಪೆಯನ್ನೆಲ್ಲ ಎರಡೂ ಕೈಯಿಂದ ಬಾಚತೊಡಗಿದಳು.

"ನಾನು ಹೆಜ್ಜಾಲದಲ್ಲಿ ಇಳೀತೀನಿ ಕಣವ್ವ. ಮನೇಲಿ ಕರು ಹಾಕಿರೋ ಹಸ ಅದೆ. ಈ ಸಿಪ್ಪೆ ನಂಗೆ ಕೊಟ್ಬುಡಿ."

ಅಜ್ಜಿ ಬರಿದಾದ ಚೀಲವನ್ನೇ ಕೊಟ್ಟುಬಿಟ್ಟರು. ಅದರಲ್ಲಿ ಸಿಪ್ಪೆಯನ್ನು ಒತ್ತಿ ತುಂಬಿ, ಬಾಯಿ ಕಟ್ಟಿ, ಹೆಂಗಸು ತಲೆಯ ಮೇಲಿಟ್ಟುಕೊಂಡು ಇಳಿದಳು. ಕಂಬಿ ದಾಟಿ ಅವಳು ಹೋಗುವುದನ್ನು ಅಜ್ಜಿ ಕಿಟಕಿಯಿಂದ ನೋಡುತ್ತಿದ್ದಾಗ ಮೊಮ್ಮಗಳ ಫೋನು ಮೊಳಗಿತು. ಮಗ ಮನೆ ಸೇರಿಯಾಗಿತ್ತು, ಸಾಮಾನೂ ಇಳಿಸಿಯಾಗಿತ್ತು. ಎಲ್ಲಿದ್ದೀರಿ ಎಂದು ಕೇಳುತ್ತಿದ್ದ.

"ಹೆಜ್ಜಾಲ ಅಪ್ಪಾ" ಎಂದಳು ಹುಡುಗಿ. "ರಾತ್ರಿಗೆ ಅವರೆಕಾಳು ಸಾರು ಅಂತೆ, ಅಮ್ಮನಿಗೆ ಹೇಳು."